ಕಾಲೇಜಿನ ಹೊಸ್ತಿಲಲ್ಲಿ ಸ್ವಲೀನ ವಿದ್ಯಾರ್ಥಿ

ಹೈಸ್ಕೂಲನ್ನು ಮುಗಿಸಿ ಕಾಲೇಜಿಗೆ ಕಾಲಿಡುವ ವಿದ್ಯಾರ್ಥಿಗೆ ಹೊಸದಾಗಿ ಎದುರಾಗುವುದೇನು ಎಂದು ಕೇಳಿದರೆ, 'ಪಾಠಗಳು ಕಠಿನವಾಗುತ್ತವೆ' ಎಂಬ ಉತ್ತರ ಬರುವುದು ಸಹಜ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಹೈಸ್ಕೂಲಿನಲ್ಲಿ ನಮಗೊಂದು ಕೊಠಡಿ, ಆ ಕೊಠಡಿಯಲ್ಲಿ ನಮ್ಮದೇ ಒಂದು ಬೆಂಚು ಇರುತ್ತದೆ. ಉಪಾಧ್ಯಾಯರು ನಮ್ಮನ್ನು ಹೆಸರು ಹಿಡಿದು ಬಲ್ಲರು. ಮನೆಗೆಲಸ ಮಾಡದಿದ್ದರೆ ಗದರಿಸಿ ಕೇಳುವವರುಂಟು. ಎರಡು ದಿನ ಬಾರದಿದ್ದರೆ ಮನೆಗೆ ಹೇಳಿಕಳಿಸುವವರುಂಟು. ಕಾಲೇಜಿನಲ್ಲಿಯಾದರೋ ಗಂಟೆಗೊಂದು ಕೊಠಡಿ, ಗಂಟೆಗೊಬ್ಬ ಅಧ್ಯಾಪಕರು. ಈ ದಿನ ಕುಳಿತ ಜಾಗದಲ್ಲಿ ನಾಳೆ ಬೇರೊಬ್ಬರು ಕುಳಿತಿರುತ್ತಾರೆ. ಯಾವ ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕು, ಪ್ರಯೋಗಾಲಯದ ದಾಖಲೆ ಪುಸ್ತಕಕ್ಕೆ ಯಾರ ಸಹಿ ಬೇಕು ಎಂಬುದನ್ನು ಯಾರೂ ಕರೆದು ಹೇಳುವುದಿಲ್ಲ. ಎಲ್ಲರೂ ಹೇಗೋ ತಿಳಿದುಕೊಳ್ಳುತ್ತಾರೆ ಎಂದು ಎಲ್ಲರೂ ಭಾವಿಸಿರುತ್ತಾರೆ.

ನಮ್ಮಲ್ಲಿ ಬಹುಮಂದಿ ಈ ಬದಲಾವಣೆಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತೇವೆ. ಒಗ್ಗಿಕೊಂಡೆವೆಂಬುದು ನಮ್ಮ ಅರಿವಿಗೂ ಬರುವುದಿಲ್ಲ. ಆದರೆ ಪಾಠದಲ್ಲಿ ಯಾರಿಗೂ ಕಡಮೆಯಿಲ್ಲದಿದ್ದರೂ, ಪಾಠದ ಸುತ್ತಲಿನ ಈ ಕಾಣದ ವ್ಯವಸ್ಥೆಯಲ್ಲಿ ಎಡವಿ ಕಾಲೇಜನ್ನೇ ಬಿಟ್ಟುಬಿಡುವ ವಿದ್ಯಾರ್ಥಿಗಳಿದ್ದಾರೆ. ವೈದ್ಯರು ಆಟಿಸಂ ಎಂದು ಕರೆಯುವ, ಕನ್ನಡದಲ್ಲಿ ಸ್ವಲೀನತೆ ಎಂದು ಹೆಸರು ಪಡೆದಿರುವ ಮನೋರಚನೆಯುಳ್ಳವರು ಇವರಲ್ಲಿ ಸೇರಿದ್ದಾರೆ. ಇವರ ಹಾದಿಯನ್ನು ಸುಗಮಗೊಳಿಸುವ ಬಗೆ ಯಾವುದು? ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಸ್ವಲೀನತೆ ಎಂದರೇನು?

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಎಂಟು ಹುಡುಗರು, ಮೂರು ಹುಡುಗಿಯರು. ಈ ಮಕ್ಕಳು ತಮ್ಮಷ್ಟಕ್ಕೆ ತಾವಿರಲು ಬಯಸುತ್ತಿದ್ದರು; ನಿತ್ಯದ ಕ್ರಮ ಸ್ವಲ್ಪ ಬದಲಾದರೂ ತಳಮಳಗೊಳ್ಳುತ್ತಿದ್ದರು; ಮಾತನ್ನು ವಿಚಿತ್ರ ರೀತಿಯಲ್ಲಿ ಬಳಸುತ್ತಿದ್ದರು; ಕೆಲವರ ಜ್ಞಾಪಕಶಕ್ತಿಯಂತೂ ಬೆರಗುಗೊಳಿಸುವಂತಿತ್ತು. ಅಂದಿನಿಂದ ಈ ವಿಷಯದ ತಿಳಿವಳಿಕೆ ಬಹಳ ವಿಸ್ತಾರವಾಗಿದೆ. ಮೊದಲು ಬೇರೆ ಬೇರೆ ಹೆಸರುಗಳಿಂದ ಗುರುತಿಸುತ್ತಿದ್ದ ಹಲವು ಸ್ಥಿತಿಗಳನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಒಂದೇ ಹೆಸರಿನಡಿಯಲ್ಲಿ ತಂದಿತು. ಕಾಮನಬಿಲ್ಲಿನಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂದು ಗೆರೆ ಎಳೆಯಲಾಗದಂತೆ, ಇಲ್ಲಿಯೂ ವ್ಯಕ್ತಿವ್ಯಕ್ತಿಗೆ ಭೇದ ಹೆಚ್ಚು. ಮಾತೇ ಬಾರದವರಿದ್ದಾರೆ, ಮಾತಿನಲ್ಲಿ ಪಂಡಿತರಾದವರೂ ಇದ್ದಾರೆ. ಬಾಳಿನುದ್ದಕ್ಕೂ ಇನ್ನೊಬ್ಬರ ಆಸರೆ ಬೇಕಾದವರಿದ್ದಾರೆ. ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರು ಸ್ವಲೀನರು.

ಇದು ಅಂಟುರೋಗವಲ್ಲ, ಹುಚ್ಚಲ್ಲ, ದುರಭ್ಯಾಸವೂ ಅಲ್ಲ. ತಾಯಿತಂದೆಯರು ಸಾಕಷ್ಟು ಪ್ರೀತಿ ತೋರದಿರುವುದೇ ಇದಕ್ಕೆ ಕಾರಣವೆಂದು ಒಂದು ಕಾಲದಲ್ಲಿ ವಿದ್ವಾಂಸರೇ ಹೇಳಿದ್ದರು. ಆ ಮಾತು ತಪ್ಪೆಂದು ಸಿದ್ಧವಾಗಿ ದಶಕಗಳೇ ಕಳೆದಿವೆ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ವೈಲಕ್ಷಣ್ಯ ಇದು. ಆನುವಂಶಿಕತೆಯ ಪಾತ್ರ ಇದರಲ್ಲಿ ಹಿರಿದು. ಬಾಲ್ಯದಲ್ಲಿ ತೋರಿಕೊಂಡು ಜೀವನಪರ್ಯಂತ ಉಳಿಯುತ್ತದೆ. ಎಂದ ಮೇಲೆ, ಸ್ವಲೀನ ಬಾಲಕ ಬೆಳೆದು ಸ್ವಲೀನ ತರುಣನಾಗುತ್ತಾನೆ. ಹೈಸ್ಕೂಲಿನ ಬಾಗಿಲು ದಾಟಿದ ಮಾತ್ರಕ್ಕೆ ಅವನ ಮನೋರಚನೆ ಬದಲಾಗುವುದಿಲ್ಲ. ಬದಲಾಗುವುದು ಅವನ ಸುತ್ತಲಿನ ಪರಿಸರ.

ಮೊದಲನೆಯ ಬಾಲಕನ ಕಥೆ

ಕ್ಯಾನರ್ ಅವರ ಪ್ರಬಂಧದಲ್ಲಿ ಮೊದಲನೆಯವನೆಂದು ವರ್ಣಿತನಾದ ಬಾಲಕನ ಹೆಸರು ಡೊನಾಲ್ಡ್. ಡೊನಾಲ್ಡ್ ಟ್ರಿಪ್ಲೆಟ್ 1933ರಲ್ಲಿ ಅಮೆರಿಕದ ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದವನು. ಇನ್ನೂ ಎಳೆಯ ಮಗುವಾಗಿದ್ದಾಗಲೇ ವೈದ್ಯರ ಸಲಹೆಯಂತೆ ಅವನನ್ನು ಮನೆಯಿಂದ ದೂರದ ಒಂದು ಸಂಸ್ಥೆಯಲ್ಲಿ ಬಿಡಲಾಯಿತು. ಒಂದು ವರ್ಷದ ಬಳಿಕ ತಾಯಿತಂದೆಯರು ಮನಸ್ಸು ಬದಲಾಯಿಸಿ ಅವನನ್ನು ಹಿಂದಕ್ಕೆ ಕರೆತಂದರು. 1938ರಲ್ಲಿ ಕ್ಯಾನರ್ ಅವರ ಬಳಿಗೆ ಕರೆದೊಯ್ದರು. ತಂದೆ ಅದಕ್ಕೆ ಮುಂಚೆ ಮಗನ ನಡೆನುಡಿಗಳನ್ನೆಲ್ಲ ವಿವರಿಸಿ 33 ಪುಟಗಳ ಪತ್ರವನ್ನು ಬರೆದಿದ್ದರು.

1942ರಲ್ಲಿ ಹುಡುಗನನ್ನು ಊರಿನಿಂದ ಸುಮಾರು ಹತ್ತು ಮೈಲಿ ದೂರದಲ್ಲಿದ್ದ ಒಕ್ಕಲು ದಂಪತಿಗಳ ಮನೆಯಲ್ಲಿ ಇರಿಸಲಾಯಿತು. 1945ರಲ್ಲಿ ಅಲ್ಲಿಗೆ ಹೋಗಿ ನೋಡಿದ ಕ್ಯಾನರ್ ಅವರಿಗೆ ಆ ದಂಪತಿಗಳ ಜಾಣ್ಮೆಯನ್ನು ಕಂಡು ಆಶ್ಚರ್ಯವಾಯಿತು. ಡೊನಾಲ್ಡನಿಗೆ ಅಳೆಯುವ ಗೀಳು ಇತ್ತು. ದಂಪತಿಗಳು ಅವನನ್ನು ಗದರಿಸಲಿಲ್ಲ; ಬಾವಿಯೊಂದನ್ನು ತೋಡಲು ಹಚ್ಚಿ, ಎಷ್ಟು ಆಳವಾಯಿತೆಂದು ವರದಿ ಕೊಡುವಂತೆ ಹೇಳಿದರು. ಅವನು ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಸಾಲು ಉಳುತ್ತಲೇ ಎಣಿಸು ಎಂದರು. ಕ್ಯಾನರ್ ನೋಡುತ್ತಿದ್ದಂತೆಯೇ ಅವನು ಆರು ಉದ್ದ ಸಾಲುಗಳನ್ನು ಉತ್ತನಂತೆ. ಮನೋವಿಜ್ಞಾನವನ್ನು ಓದದ ಆ ಒಕ್ಕಲಿಗರು ಕಂಡುಕೊಂಡಿದ್ದ ಸೂತ್ರ ಇದು: ಗೀಳನ್ನು ಅಡ್ಡಗಟ್ಟಬಾರದು, ಅದಕ್ಕೊಂದು ಕಾಲುವೆ ತೋಡಿಕೊಡಬೇಕು.

ಡೊನಾಲ್ಡ್ ಅಲ್ಲಿಯ ಹಳ್ಳಿಶಾಲೆಗೆ ಹೋದ. ಅನಂತರ ತನ್ನ ಊರಿನ ಹೈಸ್ಕೂಲಿನಲ್ಲಿ ಓದಿದ. ಆ ಮೇಲೆ ಜ್ಯಾಕ್ಸನ್ ನಗರದ ಮಿಲ್‍ಸ್ಯಾಪ್ಸ್ ಕಾಲೇಜನ್ನು ಸೇರಿ, 1958ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪದವಿ ಪಡೆದ. ಕಾಲೇಜಿನಲ್ಲಿ ಗಾಯನವೃಂದಕ್ಕೆ ಸೇರಿದ್ದ. ಶ್ರುತಿಜ್ಞಾನ ಅವನಿಗೆ ಎಷ್ಟು ಖಚಿತವಾಗಿತ್ತೆಂದರೆ, ವಾದ್ಯದ ನೆರವಿಲ್ಲದೆಯೇ ಅವನಿಂದ ಶ್ರುತಿ ಪಡೆಯಬಹುದಾಗಿತ್ತು. ವಿದ್ಯಾರ್ಥಿಗಳ ಸಂಘವೊಂದರ ಸದಸ್ಯನೂ ಆಗಿದ್ದ. ಒಬ್ಬ ಸಹಪಾಠಿ ಅವನಿಗೆ ನದಿಯಲ್ಲಿ ಈಜು ಕಲಿಸಲು ಯತ್ನಿಸಿದ, ಮಾತಿನಲ್ಲಿ ಏರಿಳಿತ ತರಲು ಯತ್ನಿಸಿದ. ಎರಡೂ ಅಷ್ಟಾಗಿ ಕೈಗೂಡಲಿಲ್ಲವೆಂದು ತಿಳಿದುಬರುತ್ತದೆ, ಕೈಗೂಡಿದ್ದು ಸ್ನೇಹ. ಪದವಿಯ ಬಳಿಕ ಡೊನಾಲ್ಡ್ ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ. 27ನೆಯ ವಯಸ್ಸಿನಲ್ಲಿ ಕಾರು ನಡೆಸಲು ಕಲಿತ, ಗಾಲ್ಫ್ ಆಡಿದ, ಒಬ್ಬನೇ ದೇಶವಿದೇಶಗಳನ್ನು ಸುತ್ತಿದ. 2023ರಲ್ಲಿ, ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆ ಸಂತೋಷದಾಯಕವಾದದ್ದೇ. ಆದರೆ ಇದನ್ನು ಓದಿ ಹರ್ಷಿಸಿ ಸುಮ್ಮನಾಗುವಂತಿಲ್ಲ. ಡೊನಾಲ್ಡನ ಮನೆಯವರು ಅನುಕೂಲವಂತರು. ಆ ಬ್ಯಾಂಕೇ ಅವರ ಮನೆತನಕ್ಕೆ ಸಂಬಂಧಿಸಿದ್ದು. ಅಂದಿನ ಮಿಸಿಸಿಪಿಯಲ್ಲಿ ಅವರು ಬಿಳಿಯರಾಗಿದ್ದುದೂ ಒಂದು ಅನುಕೂಲವೇ. ಶಾಲೆಯವರ ಮನವೊಲಿಸಲು ವಿದ್ಯಾವಂತೆಯಾದ ತಾಯಿ ಇದ್ದಳು. ಊರು ಚಿಕ್ಕದು, ಅವನನ್ನು ಎಲ್ಲರೂ ಬಲ್ಲರು. ಅದೇ ಹನ್ನೊಂದು ಮಕ್ಕಳಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಉಳಿದುಹೋದವರ ಗತಿಯನ್ನು 1971ರಲ್ಲಿ ಕ್ಯಾನರ್ ಅವರೇ ಬರೆದರು. ಅವರು ಏಳಿಗೆ ಹೊಂದಲಿಲ್ಲ. ಇದ್ದ ಶಕ್ತಿಯನ್ನೂ ಕಳೆದುಕೊಂಡರು. ಡೊನಾಲ್ಡನಿಗೆ ಅದೃಷ್ಟ ಒದಗಿಸಿದ್ದನ್ನು ಉಳಿದವರಿಗೆ ಏನು ಒದಗಿಸಬೇಕು? ವ್ಯವಸ್ಥೆ ಒದಗಿಸಬೇಕು. ಸ್ವಲೀನ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಕೊಡಬೇಕಾದ ನೆರವಿನ ತಿರುಳೆಲ್ಲ ಇದೊಂದು ಮಾತಿನಲ್ಲಿ ಅಡಗಿದೆ.

ತೊಡಕು ಎಲ್ಲಿದೆ?

ವ್ಯವಸ್ಥೆ ಮಾಡುವುದಕ್ಕೆ ಮೊದಲು ತೊಡಕನ್ನು ಅರಿಯಬೇಕಷ್ಟೆ. ಅದನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ ನೋಡೋಣ.

ಮೊದಲನೆಯದು, ಇಂದ್ರಿಯಗಳಿಗೆ ಸಂಬಂಧಿಸಿದ್ದು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿದೆ. ಪಕ್ಕದವರು ಪುಟ ಮಗುಚುತ್ತಿದ್ದಾರೆ. ಹೊರಗೆ ಬಸ್ಸು ಕೂಗುತ್ತಿದೆ. ಆದರೂ ನಮಗೆ ಅಧ್ಯಾಪಕರ ಮಾತು ಕೇಳಿಸುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಮಿದುಳು ಬೇಗನೆ ಒಗ್ಗಿಕೊಂಡು, ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳುವ ಒಕ್ಕಲಿಗನಂತೆ, ಬೇಡದ್ದನ್ನು ಬದಿಗೊತ್ತುತ್ತದೆ. ಅನೇಕ ಸ್ವಲೀನರಲ್ಲಿ ಈ ಒಗ್ಗುವಿಕೆ ನಿಧಾನವೆಂದು ಪ್ರಯೋಗಗಳು ಸೂಚಿಸಿವೆ. ಹತ್ತು ನಿಮಿಷದ ಬಳಿಕವೂ ಫ್ಯಾನಿನ ಸದ್ದು ಮೊದಲ ಕ್ಷಣದಷ್ಟೇ ಹೊಸದಾಗಿ ಕೇಳಿಸುತ್ತಿದ್ದರೆ ಪಾಠವನ್ನು ಹಿಡಿಯುವ ಬಗೆ ಹೇಗೆ? ನೂರಾರು ಜನ ತುಂಬಿದ ಊಟದ ಹಾಲು, ಎರಡು ತರಗತಿಗಳ ನಡುವೆ ನೂಕುನುಗ್ಗಲಾಗುವ ಮೆಟ್ಟಿಲು, ಹಾಸ್ಟೆಲಿನ ರಾತ್ರಿಯ ಗಲಾಟೆ, ಇವು ನಮಗೆ ಕಿರಿಕಿರಿ. ಅವರಲ್ಲಿ ಹಲವರಿಗೆ ನಿಜವಾದ ನೋವು.

ಎರಡನೆಯದು, ಬರೆದಿಡದ ನಿಯಮಗಳು. 'ಬಿಡುವಾದರೆ ಮುಂದಿನ ಅಧ್ಯಾಯವನ್ನು ಒಮ್ಮೆ ನೋಡಿಕೊಂಡು ಬನ್ನಿ' ಎಂದು ಅಧ್ಯಾಪಕರು ಹೇಳುತ್ತಾರೆಂದುಕೊಳ್ಳೋಣ. ಇದು ಸಲಹೆಯ ವೇಷ ತೊಟ್ಟ ಆಜ್ಞೆ ಎಂದು ಉಳಿದವರು ಗ್ರಹಿಸುತ್ತಾರೆ. ಮಾತನ್ನು ಮಾತಿದ್ದಂತೆಯೇ ಸ್ವೀಕರಿಸುವ ವಿದ್ಯಾರ್ಥಿ, ತನಗೆ ಬಿಡುವಾಗಲಿಲ್ಲವಾದ್ದರಿಂದ ನೋಡದೆ ಬರುತ್ತಾನೆ. ಮರುದಿನ ಅವನನ್ನು ಉದ್ಧಟನೆಂದು ಎಣಿಸಲಾಗುತ್ತದೆ. ಅವನು ಮಾಡಿದ ತಪ್ಪು ಯಾವುದೆಂದು ಅವನಿಗೆ ಹೊಳೆಯುವುದಿಲ್ಲ. ಏಕೆಂದರೆ ಮಾತಿನ ದೃಷ್ಟಿಯಿಂದ ಅವನು ತಪ್ಪು ಮಾಡಿಯೇ ಇಲ್ಲ.

ಮೂರನೆಯದು, ಕೆಲಸವನ್ನು ಯೋಜಿಸುವುದು. ಗಣಿತದ ಕಠಿನ ಸಮಸ್ಯೆಯನ್ನು ಲೀಲಾಜಾಲವಾಗಿ ಬಿಡಿಸುವ ಹುಡುಗಿ, 'ತಿಂಗಳ ಕೊನೆಗೆ ಒಂದು ಪ್ರಬಂಧ' ಎಂದ ಕೂಡಲೆ ಎಲ್ಲಿಂದ ಆರಂಭಿಸಬೇಕೆಂದು ತೋಚದೆ ಕುಳಿತುಬಿಡುವುದುಂಟು. ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಮಾಡುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಕಾಲವನ್ನು ಅಳೆದು ಹಂಚುವುದು, ಇದು ಬುದ್ಧಿಯಿಂದ ಬೇರೆಯಾದ ಒಂದು ಸಾಮರ್ಥ್ಯ. ಹೈಸ್ಕೂಲಿನಲ್ಲಿ ಈ ಕೆಲಸವನ್ನು ತಾಯಿಯೋ ಉಪಾಧ್ಯಾಯರೋ ಅವಳ ಪರವಾಗಿ ಮಾಡುತ್ತಿದ್ದರು. ಕಾಲೇಜಿನಲ್ಲಿ ಆ ಕೈ ತಟ್ಟನೆ ಹಿಂದೆ ಸರಿಯುತ್ತದೆ.

ನಾಲ್ಕನೆಯದು, ಎಲ್ಲರಂತೆ ತೋರಿಸಿಕೊಳ್ಳುವ ಶ್ರಮ. ಯಾರ ಕಣ್ಣನ್ನು ಎಷ್ಟು ಹೊತ್ತು ನೋಡಬೇಕು, ಯಾವಾಗ ನಗಬೇಕು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಪ್ರತಿಕ್ಷಣವೂ ಲೆಕ್ಕ ಹಾಕುತ್ತ ಕುಳಿತವರಿಗೆ ಸಂಜೆಯ ವೇಳೆಗೆ ಓದಲು ಕಸುವು ಉಳಿಯುವುದಿಲ್ಲ. ಹುಡುಗಿಯರಲ್ಲಿ ಈ ಮುಸುಕು ಹೆಚ್ಚಾಗಿ ಕಂಡುಬರುವುದರಿಂದ ಅವರ ಸ್ವಲೀನತೆ ಬಹಳ ತಡವಾಗಿ, ಕೆಲವೊಮ್ಮೆ ಕಾಲೇಜಿಗೆ ಬಂದ ಮೇಲೆಯೇ ಗೊತ್ತಾಗುವುದುಂಟು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಒಂದು ದಿನ ವಿದ್ಯಾರ್ಥಿನಿ ತರಗತಿಗೆ ಬರುವುದನ್ನೇ ನಿಲ್ಲಿಸಿದಾಗ ಎಲ್ಲರಿಗೂ ಅಚ್ಚರಿಯಾಗುತ್ತದೆ.

ನೆರವಿನ ಬಗೆಗಳು

ತೊಡಕನ್ನು ಈ ರೀತಿ ಬಿಡಿಸಿ ನೋಡಿದಾಗ ಪರಿಹಾರವೂ ತಾನಾಗಿಯೇ ಹೊಳೆಯುತ್ತದೆ. ಹೊಸದೆಂಬುದೇ ಭಯಕ್ಕೆ ಕಾರಣವಾದರೆ, ಹೊಸದನ್ನು ಮುಂಚಿತವಾಗಿಯೇ ಹಳೆಯದನ್ನಾಗಿ ಮಾಡಬಹುದಲ್ಲವೆ? ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯವು 2010ರ ದಶಕದಲ್ಲಿ ಇಂಥದೊಂದು ಏರ್ಪಾಡನ್ನು ಕೈಗೊಂಡಿತು. ವಿಶ್ವವಿದ್ಯಾನಿಲಯವನ್ನು ಸೇರಲಿರುವ ಸ್ವಲೀನ ತರುಣತರುಣಿಯರು ಬೇಸಗೆಯಲ್ಲಿ ಕೆಲವು ದಿನ ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿಯೇ ತಂಗುತ್ತಾರೆ. ಮಾದರಿ ಉಪನ್ಯಾಸಗಳನ್ನು ಕೇಳುತ್ತಾರೆ. ಈಗಾಗಲೇ ಓದುತ್ತಿರುವ ಸ್ವಲೀನ ವಿದ್ಯಾರ್ಥಿಗಳೊಡನೆ ಮಾತನಾಡುತ್ತಾರೆ. ಶಿಬಿರ ಮುಗಿದ ಬಳಿಕ ಅವರ ಆತಂಕ ಇಳಿದಿರುವುದನ್ನು ಅಲ್ಲಿಯ ಸಂಶೋಧಕರು ಕಂಡಿದ್ದಾರೆ. ಇದಕ್ಕೆ ದೊಡ್ಡ ಶಿಬಿರವೇ ಬೇಕೆಂದಿಲ್ಲ. ಕಾಲೇಜು ತೆರೆಯುವ ಮುನ್ನ ಖಾಲಿ ಕೊಠಡಿಗಳಲ್ಲಿ ಎರಡು ಬಾರಿ ಓಡಾಡಿ ಬರುವುದು, ಗ್ರಂಥಾಲಯದಲ್ಲಿ ಸದ್ದಿಲ್ಲದ ಮೂಲೆ ಎಲ್ಲಿದೆಯೆಂದು ನೋಡಿಡುವುದು, ಬಸ್ಸಿನ ದಾರಿಯನ್ನು ಅಭ್ಯಾಸ ಮಾಡುವುದು, ಇಷ್ಟೂ ಸಹಕಾರಿಯೇ.

ಎರಡನೆಯ ನೆರವು, ನಿಶ್ಚಿತವಾದ ಒಬ್ಬ ವ್ಯಕ್ತಿ. 'ತೊಂದರೆಯಾದರೆ ಕಚೇರಿಯಲ್ಲಿ ಕೇಳಿ' ಎಂಬ ಮಾತು ಸ್ವಲೀನ ವಿದ್ಯಾರ್ಥಿಗೆ ನಿಷ್ಪ್ರಯೋಜಕ. ಯಾರನ್ನು, ಎಷ್ಟು ಹೊತ್ತಿಗೆ, ಯಾವ ಕೊಠಡಿಯಲ್ಲಿ ಕಾಣಬೇಕೆಂಬುದು ಗೊತ್ತಿರಬೇಕು. ಅಮೆರಿಕದ ಮಾರ್ಷಲ್ ವಿಶ್ವವಿದ್ಯಾನಿಲಯ 2002ರಲ್ಲಿಯೇ ಸ್ವಲೀನ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿತು. ಒಬ್ಬ ವ್ಯಕ್ತಿಯಿಂದ ಎಷ್ಟು ಪ್ರಯೋಜನವಾಗಬಹುದೆಂಬುದಕ್ಕೆ ಟೆಂಪಲ್ ಗ್ರ್ಯಾಂಡಿನ್ ಅವರ ಜೀವನ ನಿದರ್ಶನ. 1947ರಲ್ಲಿ ಹುಟ್ಟಿದ ಈಕೆ ತರುಣಿಯಾಗಿದ್ದಾಗ, ದನಗಳನ್ನು ಹಿಡಿದು ನಿಲ್ಲಿಸುವ ಚೌಕಟ್ಟನ್ನು ನೋಡಿ, ತನ್ನ ಮೈಯನ್ನು ಒತ್ತಿ ಹಿಡಿದು ಶಾಂತಗೊಳಿಸುವ ಯಂತ್ರವೊಂದನ್ನು ತಾನೇ ಕಟ್ಟಿಕೊಂಡರು. ಸುತ್ತಲಿನ ಹಲವರಿಗೆ ಇದು ವಿಕಾರವಾಗಿ ಕಂಡಿತು. ಹೈಸ್ಕೂಲಿನ ವಿಜ್ಞಾನದ ಉಪಾಧ್ಯಾಯರೊಬ್ಬರು ಮಾತ್ರ, ಇದರಿಂದ ಮನಸ್ಸು ಏಕೆ ಶಾಂತವಾಗುತ್ತದೆಂಬುದನ್ನು ವಿಜ್ಞಾನದ ಮಾರ್ಗದಲ್ಲಿ ಪತ್ತೆ ಮಾಡು ಎಂದು ಹುರಿದುಂಬಿಸಿದರು. ಆಕೆ 1970ರಲ್ಲಿ ಫ್ರ್ಯಾಂಕ್ಲಿನ್ ಪಿಯರ್ಸ್ ಕಾಲೇಜಿನಿಂದ ಪದವೀಧರೆಯಾಗಿ, 1989ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಪ್ರಾಣಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಜಾನುವಾರುಗಳನ್ನು ಕರುಣೆಯಿಂದ ನಿರ್ವಹಿಸುವ ವ್ಯವಸ್ಥೆಗಳ ರಚನೆಯಲ್ಲಿ ಪ್ರಸಿದ್ಧರಾದರು. ಬಾವಿ ತೋಡಿಸಿದ ಒಕ್ಕಲಿಗರೂ ಈ ಉಪಾಧ್ಯಾಯರೂ ಒಂದೇ ಸೂತ್ರವನ್ನು ಅರಿತಿದ್ದರೆಂಬುದನ್ನು ನಾವು ಗಮನಿಸಬೇಕು.

ಮೂರನೆಯದು, ಮಾತನ್ನು ಸ್ಪಷ್ಟಗೊಳಿಸುವುದು. ಏನು ಮಾಡಬೇಕು, ಎಷ್ಟು ಪುಟ, ಯಾವ ತಾರೀಖಿನೊಳಗೆ, ಯಾರ ಕೈಗೆ ಎಂಬುದನ್ನು ಹಲಗೆಯ ಮೇಲೆ ಬರೆದರಾಯಿತು. ತಿಂಗಳ ಪ್ರಬಂಧವನ್ನು ವಾರಕ್ಕೊಂದು ಹಂತವಾಗಿ ಒಡೆದುಕೊಟ್ಟರಾಯಿತು. ಕೊಠಡಿ ಬದಲಾಗುವುದಿದ್ದರೆ ಹಿಂದಿನ ದಿನವೇ ತಿಳಿಸಿದರಾಯಿತು. ಇದರಿಂದ ಸ್ವಲೀನ ವಿದ್ಯಾರ್ಥಿಯೊಬ್ಬನಿಗೇ ಅಲ್ಲ, ಸಂಕೋಚದಿಂದ ಪ್ರಶ್ನೆ ಕೇಳದಿರುವ ಎಲ್ಲರಿಗೂ ಉಪಕಾರವಾಗುತ್ತದೆ. ಖರ್ಚು ಒಂದು ಸೀಮೆಸುಣ್ಣದ ತುಂಡು.

ಹಕ್ಕು ಮತ್ತು ಕೇಳುವ ಬಗೆ

ಸೌಜನ್ಯದಿಂದ ಕೊಟ್ಟದ್ದು ಸೌಜನ್ಯ ಬತ್ತಿದ ದಿನ ನಿಂತುಹೋಗಬಹುದು. ಆದುದರಿಂದಲೇ ಕಾನೂನು ಬೇಕಾಯಿತು. ಅಮೆರಿಕದಲ್ಲಿ 1975ರ ಕಾನೂನು ಅಂಗವಿಕಲ ಮಕ್ಕಳಿಗೆಲ್ಲ ಶಾಲಾಶಿಕ್ಷಣವನ್ನು ಹಕ್ಕಾಗಿ ಮಾಡಿತು. 1990ರಲ್ಲಿ ಸ್ವಲೀನತೆಯ ಹೆಸರು ಅದರಲ್ಲಿ ಪ್ರತ್ಯೇಕವಾಗಿ ಸೇರಿತು. ಅಲ್ಲಿ ಶಾಲೆಯಲ್ಲಿರುವ ತನಕ, ನೆರವು ಬೇಕಾದ ಮಗುವನ್ನು ಹುಡುಕಿ ಅದಕ್ಕೆ ತಕ್ಕ ಯೋಜನೆ ಮಾಡುವುದು ಶಾಲೆಯ ಹೊಣೆ. ಕಾಲೇಜಿಗೆ ಬಂದ ದಿನದಿಂದ ಹೊಣೆ ಕೈ ಬದಲಾಗುತ್ತದೆ. ವಿದ್ಯಾರ್ಥಿಯೇ ಹೋಗಿ, ತನ್ನ ಸ್ಥಿತಿಯನ್ನು ತಿಳಿಸಿ, ಇಂಥ ಅನುಕೂಲ ಬೇಕೆಂದು ಕೇಳಬೇಕು. ಕೇಳದಿದ್ದವರಿಗೆ ಕೊಡುವ ನಿರ್ಬಂಧ ಕಾಲೇಜಿಗಿಲ್ಲ. ಅಪರಿಚಿತರ ಬಳಿ ಹೋಗಿ ಮಾತನಾಡುವುದೇ ಯಾರಿಗೆ ಎಲ್ಲಕ್ಕಿಂತ ಕಷ್ಟವೋ, ಅವರೇ ಮೊದಲು ಮಾತನಾಡಬೇಕೆಂಬುದು ಇಲ್ಲಿಯ ವಿಪರ್ಯಾಸ.

ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾನೂನಿನ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾನೂನು ಅದನ್ನು ಹೆಸರಿಸಿತು. ಅನಂತರ 2016ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾನೂನು, ತಾನು ಗುರುತಿಸಿದ 21 ಬಗೆಗಳಲ್ಲಿ ಸ್ವಲೀನತೆಯನ್ನೂ ಸೇರಿಸಿತು. ಸರಕಾರಿ ಮತ್ತು ಸರಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು, ಶೇಕಡ 40ಕ್ಕೆ ಕಡಮೆಯಿಲ್ಲದ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ಒಟ್ಟು ಶೇಕಡ 5ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡಬೇಕೆಂದು ಅದು ವಿಧಿಸುತ್ತದೆ. 2018ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಪರೀಕ್ಷಾ ಮಾರ್ಗಸೂಚಿಯಲ್ಲಿ ಅರ್ಹರಿಗೆ ಗಂಟೆಗೆ 20 ನಿಮಿಷಕ್ಕೆ ಕಡಮೆಯಿಲ್ಲದ ಹೆಚ್ಚಿನ ಕಾಲವನ್ನು ಸೂಚಿಸಲಾಗಿತ್ತು. ಇದರಲ್ಲಿ ದಾಕ್ಷಿಣ್ಯವೇನೂ ಇಲ್ಲ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವವನಿಗೆ ಹೆಚ್ಚಿನ ಅಂಕ ಸಿಕ್ಕಿತೆಂದು ಯಾರೂ ದೂರುವುದಿಲ್ಲ. ಕನ್ನಡಕ ಪ್ರಶ್ನೆಯನ್ನು ಓದಿಸುತ್ತದೆಯೇ ಹೊರತು ಉತ್ತರವನ್ನು ಹೇಳಿಕೊಡುವುದಿಲ್ಲ. ಸದ್ದಿಲ್ಲದ ಕೊಠಡಿ, ಹೆಚ್ಚಿನ ಕಾಲ ಇವೂ ಹಾಗೆಯೇ.

ಕರ್ನಾಟಕದಲ್ಲಿ ಈ ಹೊಸ್ತಿಲು ಬಹಳ ಬೇಗ ಎದುರಾಗುತ್ತದೆ. ಹತ್ತನೆಯ ತರಗತಿ ಮುಗಿದೊಡನೆ, ಹದಿನಾರರ ಆಸುಪಾಸಿನಲ್ಲಿಯೇ ನಮ್ಮ ಹುಡುಗ ಹುಡುಗಿಯರು ಪದವಿಪೂರ್ವ ಕಾಲೇಜಿಗೆ ಬಂದುಬಿಡುತ್ತಾರೆ. ಆದುದರಿಂದ ಕೇಳುವ ಅಭ್ಯಾಸ ಹೈಸ್ಕೂಲಿನಲ್ಲಿಯೇ ಆರಂಭವಾಗಬೇಕು. ವೈದ್ಯರ ಬಳಿ ತಾಯಿ ಮಾತನಾಡುವ ಬದಲು ಮಗ ಒಂದು ವಾಕ್ಯ ಹೇಳಲಿ. ತನಗೆ ಯಾವುದು ಕಷ್ಟ, ಯಾವುದು ಸುಲಭ, ಯಾವುದರಿಂದ ಅನುಕೂಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಬಾಯಲ್ಲಿ ಹೇಳಲಾಗದಿದ್ದರೆ ಆ ಹಾಳೆಯನ್ನೇ ಅಧ್ಯಾಪಕರ ಕೈಗೆ ಕೊಟ್ಟರಾಯಿತು. ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಸ್ವಲೀನರಿದ್ದರೆ, ಅವರಿಗೆ ನಾವು ಹೇಳಬಹುದಾದ ಮುಖ್ಯ ಮಾತು ಇದು: ನೆರವು ಕೇಳುವುದು ಸೋಲಲ್ಲ, ಯಾರಿಗೆ, ಎಷ್ಟು ತಿಳಿಸಬೇಕೆಂಬ ನಿರ್ಧಾರ ನಿಮ್ಮದೇ. ಕಾಲೇಜು ಬೇಡವೆನಿಸಿ ಕೈಕಸುಬನ್ನು ಆರಿಸಿಕೊಳ್ಳುವವರೂ, ಓದುವ ಮಾತೇ ಏಳದಷ್ಟು ಆಸರೆ ಬೇಕಾದವರೂ ಇದರಿಂದ ಕೀಳಾಗುವುದಿಲ್ಲ. ಮನುಷ್ಯನ ಬೆಲೆಯನ್ನು ಪದವಿಪತ್ರ ಕಟ್ಟುವುದಿಲ್ಲ.

ಪಕ್ಕದ ಬೆಂಚಿನವರು

ಉಳಿದವರಾದ ನಮ್ಮ ಪಾತ್ರವೇನು? ಸ್ವಲೀನರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲವೆಂದು ಬಹುಕಾಲ ಹೇಳುತ್ತ ಬಂದಿದ್ದಾರೆ. ಸ್ವತಃ ಸ್ವಲೀನರಾದ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮರುಪ್ರಶ್ನೆಯನ್ನು ಎತ್ತಿದರು: ಇತರರಿಗೆ ಸ್ವಲೀನರ ಮನಸ್ಸು ಅರ್ಥವಾಗುತ್ತದೆಯೆ? ಅರ್ಥವಾಗದಿರುವುದು ಎರಡು ಕಡೆಯಿಂದಲೂ ಇದೆ ಎಂಬುದು ಅವರ ವಾದ. 2020ರಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಲು, ಒಬ್ಬರು ಕೇಳಿದ ಕಥೆಯನ್ನು ಮುಂದಿನವರಿಗೆ ದಾಟಿಸುವ ಸರಪಳಿಗಳನ್ನು ಏರ್ಪಡಿಸಿದರು. ಸ್ವಲೀನರೇ ಇದ್ದ ಸರಪಳಿಗಳಲ್ಲಿ ಕಥೆ ಇತರರ ಸರಪಳಿಗಳಲ್ಲಿ ಉಳಿದಷ್ಟೇ ಉಳಿಯಿತು. ಮಿಶ್ರ ಸರಪಳಿಗಳಲ್ಲಿ ಹೆಚ್ಚು ಸೋರಿಹೋಯಿತು. 2025ರಲ್ಲಿ ಪ್ರಕಟವಾದ, ಇನ್ನೂ ಹೆಚ್ಚು ಜನರೊಡನೆ ನಡೆಸಿದ ಪ್ರಯೋಗದಲ್ಲಿ ಮಿಶ್ರ ಸರಪಳಿಗಳೂ ಹಿಂದೆ ಬೀಳಲಿಲ್ಲ. ಮಿಶ್ರ ಗುಂಪಿನ ವಿಷಯದಲ್ಲಿ ಎರಡರ ಫಲ ಬೇರೆಯಾದರೂ ಒಂದು ಅಂಶದಲ್ಲಿ ಎರಡೂ ಒಪ್ಪುತ್ತವೆ: ವಿಷಯವನ್ನು ತಿಳಿಸುವ ಶಕ್ತಿ ಸ್ವಲೀನರಲ್ಲಿ ಕಡಮೆಯೇನೂ ಇಲ್ಲ.

ಹಾಗಿದ್ದ ಮೇಲೆ ನಾವು ಮಾಡಬೇಕಾದುದು ಸಣ್ಣಪುಟ್ಟ ಕೆಲಸಗಳೇ. ಒಗಟಾಗಿ ಹೇಳದೆ ನೇರವಾಗಿ ಹೇಳುವುದು. ಕಣ್ಣಿಟ್ಟು ನೋಡದವನನ್ನು ಗರ್ವಿಷ್ಠನೆಂದು ತೀರ್ಮಾನಿಸದಿರುವುದು. ಕಾಲೇಜಿಗೆ ರಜೆ ಎಂಬ ಸುದ್ದಿಯನ್ನು ಅವನಿಗೂ ಮುಟ್ಟಿಸುವುದು. ಊಟಕ್ಕೆ ಕರೆಯುವುದು, 'ಬರುವುದಿಲ್ಲ' ಎಂದರೆ ಬೇಸರಿಸದೆ ಮುಂದಿನ ವಾರ ಮತ್ತೊಮ್ಮೆ ಕರೆಯುವುದು. ಗೇಲಿ ಮಾಡುವವರ ಜೊತೆ ನಗದಿರುವುದು.

ಡೊನಾಲ್ಡನ ಹೈಸ್ಕೂಲಿನ ದಿನಗಳ ಒಂದು ಪ್ರಸಂಗವನ್ನು ಆ ಊರಿನವರು ಬಹುಕಾಲ ಹೇಳುತ್ತಿದ್ದರು. ಶಾಲೆಯ ಗೋಡೆಯಲ್ಲಿ ಎಷ್ಟು ಇಟ್ಟಿಗೆಗಳಿವೆಯೆಂದು ಹುಡುಗರು ಕೇಳಿದಾಗ ಅವನು ಒಮ್ಮೆ ಕಣ್ಣಾಡಿಸಿ ಥಟ್ಟನೆ ಒಂದು ಸಂಖ್ಯೆಯನ್ನು ಹೇಳಿದನಂತೆ. ಅವನ ಅದ್ಭುತಶಕ್ತಿಯ ಕೀರ್ತಿ ಊರೆಲ್ಲ ಹಬ್ಬಿತು. ಎಷ್ಟೋ ದಶಕಗಳ ಬಳಿಕ, ಅವನ ಜೀವನವನ್ನು ಕುರಿತು ಬರೆಯುತ್ತಿದ್ದ ಇಬ್ಬರು ಲೇಖಕರು ವೃದ್ಧನಾದ ಡೊನಾಲ್ಡನನ್ನು ಈ ಬಗ್ಗೆ ವಿಚಾರಿಸಿದರು. ತಾನು ಎಣಿಸಲೇ ಇಲ್ಲ, ಬಾಯಿಗೆ ಬಂದ ಸಂಖ್ಯೆಯನ್ನು ಹೇಳಿದೆ ಎಂದು ಆತ ಒಪ್ಪಿಕೊಂಡ. ಏಕೆ ಹಾಗೆ ಮಾಡಿದೆಯೆಂದು ಕೇಳಿದ್ದಕ್ಕೆ ಆತ ಕೊಟ್ಟ ಕಾರಣ, ಆ ಹುಡುಗರು ತನ್ನನ್ನು ಒಳ್ಳೆಯವನೆಂದು ಭಾವಿಸಲಿ ಎಂಬ ಆಸೆ.

ತನ್ನಷ್ಟಕ್ಕೆ ತಾನಿರಲು ಬಯಸುವವನೆಂದು ವೈದ್ಯಶಾಸ್ತ್ರ ಮೊದಲು ಬರೆದಿಟ್ಟದ್ದು ಈ ಹುಡುಗನನ್ನೇ. ಅವನ ಒಳಗಿದ್ದದ್ದು ನಮ್ಮೆಲ್ಲರಲ್ಲಿರುವ ಆಸೆಯೇ. ಬರಲಿರುವ ಜೂನ್ ತಿಂಗಳಲ್ಲಿ ಕಾಲೇಜಿನ ಬಾಗಿಲು ತೆರೆದಾಗ ಕೊನೆಯ ಬೆಂಚಿನಲ್ಲಿ ಒಬ್ಬರೇ ಕುಳಿತಿರುವವರನ್ನು ಕಂಡರೆ, ಇಟ್ಟಿಗೆಗಳನ್ನು ಎಣಿಸುವಂತೆ ಕೇಳುವುದು ಬೇಡ. ಹೆಸರನ್ನು ಕೇಳೋಣ, ಮುಂದಿನ ತರಗತಿ ಯಾವ ಕೊಠಡಿಯಲ್ಲಿದೆಯೆಂದು ತಿಳಿಸೋಣ.